ಎಲ್ಲ ಕಪ್ಪಿನಲ್ಲೂ ಒಂದೇ ಮುಗ್ಗು

ನನ್ನ ದವಡೆ ಹಲ್ಲು ಕೊಳೆಯುತ್ತಿದೆ ಎಂಬ ಸುದ್ದಿಯನ್ನು ನನಗೆ ಮೊದಲು ಮುಟ್ಟಿಸಿದ್ದು ಕಾಫಿ. ನೋವು ಬಂದದ್ದು ಆಮೇಲೆ. ಹಲ್ಲಿನ ಡಾಕ್ಟರ ಬಾಗಿಲಲ್ಲಿ ಕೂತವರ ಮುಖ ನೀವು ನೋಡಿರಬಹುದು. ಜ್ವರ ಬಂದವರು, ಸೊಂಟ ಹಿಡಿದವರು ಧೈರ್ಯವಾಗಿ ನರಳುತ್ತಾರೆ. ಹಲ್ಲು ಹುಳುಕಾದವರು ಮಾತ್ರ ಕದ್ದು ಸಿಕ್ಕಿಬಿದ್ದವರಂತೆ ತಲೆ ತಗ್ಗಿಸಿ ಕೂತಿರುತ್ತಾರೆ. ‘ದಿನಾ ಎರಡು ಹೊತ್ತು ಉಜ್ಜುತ್ತೇನೆ, ಆದರೂ ಹೀಗಾಯಿತು’ ಎಂದರೆ ನಂಬುವವರು ಯಾರು? ನಾನು ನಂಬುತ್ತೇನೆ. ಹಾಗೆ ನಂಬುವವಳು ಮೂಡಿಗೆರೆಯಲ್ಲಿ ಒಬ್ಬಳಾದರೂ ಇದ್ದಾಳೆ ಎಂದು ಗೊತ್ತಾಗಲಿ ಅಂತಲೇ ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸ ಕಾಫಿಯ ರುಚಿ ನೋಡುವುದು. ಮಂಜೇಗೌಡರು ಎಂಬ ಕಾಫಿ ವ್ಯಾಪಾರಿಯ ಗೋದಾಮಿನ ಪಕ್ಕದ ಕೋಣೆಯಲ್ಲಿ ಉದ್ದನೆಯ ಮೇಜು, ಅದರ ಮೇಲೆ ಸಾಲಾಗಿ ಬಿಳಿ ಕಪ್ಪುಗಳು. ಬೆಳೆಗಾರರು ತಂದ ಸ್ಯಾಂಪಲ್ಲನ್ನು ಹುರಿದು, ಪುಡಿ ಮಾಡಿ, ಕಪ್ಪಿಗೆ ಹಾಕಿ, ಬಿಸಿನೀರು ಹೊಯ್ದು, ಮೇಲೆ ಕಟ್ಟಿದ ಕೆನೆಯನ್ನು ಚಮಚದಿಂದ ಒಡೆದು ಮೂಸುತ್ತೇನೆ. ಆಮೇಲೆ ಒಂದು ಚಮಚ ಸುರ್ ಎಂದು ಎಳೆದು, ಬಾಯೆಲ್ಲ ಆಡಿಸಿ, ಡಬ್ಬಕ್ಕೆ ಉಗಿಯುತ್ತೇನೆ. ಹಾಲಿಲ್ಲ, ಸಕ್ಕರೆಯಿಲ್ಲ. ಮದುವೆಯಾದ ಹೊಸತರಲ್ಲಿ ನನ್ನ ಗಂಡ ಲೋಕೇಶ ಒಮ್ಮೆ ನೋಡಲು ಬಂದವರು ಹೊರಗೆ ಹೋಗಿ ನಕ್ಕು ನಕ್ಕು ಸುಸ್ತಾಗಿದ್ದರು. "ಊರಲ್ಲಿ ಎಲ್ಲಾರೂ ಸದ್ದು ಮಾಡ್ದೆ ಕಾಫಿ ಕುಡೀರಿ ಅಂತ ಮಕ್ಳಿಗೆ ಹೊಡೀತಾರೆ, ನಿಂಗೆ ಸುರ್ ಅನ್ನೋದಕ್ಕೇ ಸಂಬಳ" ಎಂದರು. ಅವರು ಜೀಪು ಓಡಿಸುತ್ತಾರೆ, ತಮಾಷೆಯ ಮನುಷ್ಯ.

ನಗಲಿ. ಕೊಯ್ಲಾದ ಮೇಲೆ ಈ ಸುತ್ತಿನ ಎಷ್ಟೋ ಮನೆಗಳ ವರ್ಷದ ದುಡಿಮೆ ನನ್ನ ನಾಲಿಗೆಯ ಮೇಲೆ ಹಾದುಹೋಗುತ್ತದೆ. ಒಣಗುವಾಗ ಕಾಫಿಗೆ ಮಳೆ ಬಿದ್ದಿದ್ದರೆ, ಹಣ್ಣು ರಾಶಿಯಲ್ಲೇ ಹುಳಿ ಬಂದಿದ್ದರೆ, ಗೋಣಿಗೆ ಸೀಮೆಎಣ್ಣೆ ತಾಗಿದ್ದರೆ ನಾನು ಹೇಳಿಬಿಡುತ್ತೇನೆ. ಅದನ್ನು ಬಿಟ್ಟರೆ ನನಗೆ ಬೇರೆ ವಿದ್ಯೆ ಗೊತ್ತಿಲ್ಲ. ಹೊಲಿಗೆ ಬರುವುದಿಲ್ಲ, ಹಾಡಿದರೆ ನಾಯಿ ಎದ್ದು ಹೋಗುತ್ತದೆ.

ಈ ಕೆಲಸಕ್ಕೆ ಮಡಿಯೂ ಇದೆ. ನನಗೆ ಕಲಿಸಿದ ಹಳೇ ಟೇಸ್ಟರು, ಈಗ ನಿವೃತ್ತರು, ಮೊದಲ ದಿನವೇ ಹೇಳಿದ್ದರು: "ಪರಿಮಳದ ಸೋಪು ಬೇಡ, ಮಲ್ಲಿಗೆ ಮುಡೀಬೇಡ, ಒಗ್ಗರಣೆ ಹಾಕಿದ ಸೀರೆಲಿ ಬರಬೇಡ. ಪೇಸ್ಟ್ ಅಂತೂ ಮುಟ್ಲೇಬೇಡ. ಪುದೀನದ ತಂಪು ಮಧ್ಯಾಹ್ನದವರೆಗೂ ನಾಲಿಗೆ ಬಿಡಲ್ಲ." ಇನ್ನೊಂದು ಪಾಠವೂ ಇತ್ತು. ಒಂದು ಕಪ್ಪಿನ ರುಚಿ ಇನ್ನೊಂದಕ್ಕೆ ದಾಟದಂತೆ, ನಡುನಡುವೆ ಒಂದು ಚಿಟಿಕೆ ಸಪ್ಪೆ ಮಂಡಕ್ಕಿ ಅಗಿಯುವುದು. "ನೀರು ಬಾಯಿ ತೊಳೀತದೆ, ಮಂಡಕ್ಕಿ ನಾಲಿಗೆ ಒರೆಸ್ತದೆ" ಎನ್ನುತ್ತಿದ್ದರು. ನಾನು ಗುರುಗಳ ಮಾತನ್ನು ಒಂದು ಕೈ ಹೆಚ್ಚಾಗಿಯೇ ಪಾಲಿಸಿದೆ. ಪೇಸ್ಟನ್ನು ಮನೆಯಿಂದಲೇ ಓಡಿಸಿದೆ. ಬೆಳಿಗ್ಗೆ ಬರೀ ಬ್ರಷ್ಷು ಮತ್ತು ನೀರು, ರಾತ್ರಿ ನಮ್ಮ ಅತ್ತೆ ಭತ್ತದ ಉಮಿ ಸುಟ್ಟು ಉಪ್ಪು ಬೆರೆಸಿ ಮಾಡಿಡುವ ಕರಿಪುಡಿ. ಒಂದು ಹೊತ್ತೂ ತಪ್ಪಿಸಿದವಳಲ್ಲ. ಗಂಡ ಅವಸರದಲ್ಲಿ ಉಜ್ಜಿ ಎದ್ದರೆ, "ಜೀಪು ತೊಳೆಯೋವಷ್ಟು ಹೊತ್ತಾದ್ರೂ ಬಾಯಿ ತೊಳೀರಿ" ಎಂದು ನಾನೇ ಬೈಯುತ್ತಿದ್ದೆ.

ಈ ಸಲದ ಸುಗ್ಗಿಯಲ್ಲಿ, ಸ್ಯಾಂಪಲ್ಲುಗಳು ಒತ್ತಾಗಿ ಬರತೊಡಗಿದ ಸಮಯ. ಒಂದು ಬೆಳಿಗ್ಗೆ ಮೊದಲ ಕಪ್ಪಿನಲ್ಲಿ ಮುಗ್ಗಲು ರುಚಿ ಸಿಕ್ಕಿತು, ಒದ್ದೆ ಗೋಣಿಚೀಲ ಬಾಯಿಗೆ ಬಂದ ಹಾಗೆ. ಗುರುತು ಹಾಕಿದೆ. ಎರಡನೆಯದರಲ್ಲೂ ಮುಗ್ಗು, ಮೂರನೆಯದರಲ್ಲೂ ಮುಗ್ಗು. ಒಂದು ಕಳಸದ ಕಡೆಯದು, ಒಂದು ಕೊಟ್ಟಿಗೆಹಾರದ್ದು, ಒಂದು ಗಿರಿಯ ಮೇಲಿನದು. ಎಲ್ಲರ ಕಣದಲ್ಲೂ ಮಳೆ ಬಿತ್ತೇ ಎಂದು ಕಿಟಕಿಯಿಂದ ಹೊರಗೆ ನೋಡಿದೆ. ಬಿಸಿಲು ಚುರುಗುಡುತ್ತಿತ್ತು.

ಮಂಜೇಗೌಡರು ತಾವೂ ಒಂದು ಚಮಚ ಎಳೆದು ನೋಡಿದರು. ಅವರ ಹುಬ್ಬು ಮೇಲಕ್ಕೆ ಹೋಯಿತು. "ಸುಮಿತ್ರಮ್ಮ, ನಂಗೆಂತದೂ ಸಿಗ್ತಾ ಇಲ್ವಲ್ಲ" ಎಂದರು. ಅದೇ ಸ್ಯಾಂಪಲ್ಲುಗಳನ್ನು ಚಿಕ್ಕಮಗಳೂರಿನ ಇನ್ನೊಬ್ಬ ಟೇಸ್ಟರಿಗೆ ಕಳಿಸಿದರು. ಎಲ್ಲವೂ ಚೊಕ್ಕಟ ಎಂದು ಉತ್ತರ ಬಂತು. ಗೌಡರು ಒಳ್ಳೆಯವರು, ಬಯ್ಯಲಿಲ್ಲ. "ನಾಲ್ಕ್ ದಿನ ರೆಸ್ಟ್ ತಗೊಳ್ಳಿ. ಅಷ್ಟರವರೆಗೆ ಚಿಕ್ಕಮಗಳೂರಿನೋರು ಬಂದು ನೋಡ್ತಾರೆ" ಎಂದರು. ಬೈದಿದ್ದರೆ ಎಷ್ಟೋ ವಾಸಿಯಿತ್ತು. ಬಸ್ಸಿಗೆ ಕಾಯುತ್ತಾ ನಿಂತೆ. ನಾಲಿಗೆ ಹೋಯಿತು, ಇನ್ನು ನಾನು ಯಾವುದಕ್ಕೂ ಬಾರದವಳು ಅನ್ನಿಸಿ ಅಲ್ಲೇ ಅಳು ಬಂತು.

ಮನೆಯಲ್ಲಿ ವಿಷಯ ಹೇಳಿದೆ. ಅತ್ತೆ ಮೊದಲು ದೃಷ್ಟಿ ತೆಗೆದರು, ಆಮೇಲೆ ಕಾಳುಮೆಣಸಿನ ಕಷಾಯ ಕುಡಿಸಿದರು. ಲೋಕೇಶರು, "ಕುಣೀಲಾರದೋಳು ನೆಲ ಡೊಂಕು ಅಂದ್ಲಂತೆ, ನೀನು ಕಾಫಿ ಮುಗ್ಗು ಅಂದಿಯಾ" ಎಂದು ಶುರುಮಾಡಿದವರು ನನ್ನ ಮುಖ ನೋಡಿ ನಿಲ್ಲಿಸಿದರು. ಆಮೇಲೆ, "ಪರೀಕ್ಷೆ ಮಾಡಾಣ ತಡಿ" ಎಂದರು.

ಭಾನುವಾರ ಮಧ್ಯಾಹ್ನ ಪರೀಕ್ಷೆ ನಡೆಯಿತು. ನನ್ನ ಕಣ್ಣಿಗೆ ಅತ್ತೆಯ ಹಳೇ ಸೀರೆಯ ತುಂಡು ಕಟ್ಟಿದರು. ಅಡುಗೆಮನೆಯಿಂದ ಒಂದೊಂದೇ ಚಮಚ ಬಾಯಿಗೆ ಬಂತು. ಕಾಚಂಪುಳಿಯ ಹುಳಿ ಎಂದೆ, ಸರಿ. ಜೋನಿಬೆಲ್ಲ ಎಂದೆ, ಸರಿ. ನಿನ್ನೆಯ ಸಾರು, ಅದಕ್ಕೆ ಅತ್ತೆ ಎರಡು ಸಲ ಉಪ್ಪು ಹಾಕಿದ್ದಾರೆ ಎಂದೆ. ಅತ್ತೆಗೆ ಸಿಟ್ಟು ಬಂತು, ಆದರೆ ಅದೂ ಸರಿಯೇ. "ನಾಲಿಗೆ ಎಲ್ಲೂ ಹೋಗಿಲ್ಲ ಮಾರಾಯ್ತಿ, ಮೊದಲಿಗಿಂತ ಉದ್ದ ಆಗದೆ" ಎಂದು ಲೋಕೇಶರು ಕೊನೆಯ ಚಮಚ ಕೊಟ್ಟರು. ಬಾಯಲ್ಲಿ ಆಡಿಸಿದೆ. ಅದೇ ಒದ್ದೆ ಗೋಣಿ. "ಇದು ಮುಗ್ಗು" ಎಂದೆ.

"ಅದು ಕಾಯ್ಸಿ ಆರಿಸಿದ್ ನೀರು ಕಣೇ" ಎಂದರು ಅವರು. ಈ ಸಲ ನಗಲಿಲ್ಲ.

ಅತ್ತೆ ಎದ್ದು ಬಂದರು. ಅವರಿಗೆ ಎಪ್ಪತ್ತು ದಾಟಿದೆ. ಜೀವಮಾನದಲ್ಲಿ ಬ್ರಷ್ಷು ಹಿಡಿದವರಲ್ಲ, ಹುರಿದ ಹಲಸಿನ ಬೀಜವನ್ನು ಈಗಲೂ ಕಟುಂ ಎಂದು ಒಡೆಯುತ್ತಾರೆ. ಟಾರ್ಚು ತಂದು, "ಬಾಯಿ ಬಿಡು" ಎಂದರು. ಬಿಟ್ಟೆ. ಒಳಗೆ ನೋಡುವ ಮೊದಲೇ ಮುಖ ಹಿಂದಕ್ಕೆಳೆದರು, ಆಮೇಲೆ ಮೂಗು ಮುಚ್ಚಿಕೊಂಡು ಟಾರ್ಚು ಬಿಟ್ಟು ನೋಡಿದರು. "ನೀರೂ ಅಲ್ಲ, ಕಾಫಿನೂ ಅಲ್ಲ. ಹಿಂದಿನ ದವಡೆ ಹಲ್ಲು ಕೊಳೆತದೆ. ವಾಸನೆ ಅಲ್ಲಿಂದ ಬರ್ತಾ ಉಂಟು."

ನಾನು ಜಗಳಕ್ಕೇ ನಿಂತೆ. ಎರಡು ಹೊತ್ತು ಉಜ್ಜುವವಳಿಗೆ ಹುಳುಕೇ, ಬ್ರಷ್ಷೇ ಹಿಡಿಯದ ನಿಮಗೆ ಹಲಸಿನ ಬೀಜವೇ, ಇದೆಂಥ ನ್ಯಾಯ ಎಂದೆ. ಅತ್ತೆ ನ್ಯಾಯದ ಮಾತಿಗೆ ಬರಲಿಲ್ಲ. ಬೆರಳಿನಿಂದ ನನ್ನ ಕೆನ್ನೆಯ ಮೇಲೆ ಸರಿಯಾಗಿ ಆ ಜಾಗದಲ್ಲಿ ಒತ್ತಿದರು. ಕಣ್ಣಲ್ಲಿ ನೀರು ಬಂತು. ವಾದ ಅಲ್ಲಿಗೆ ಮುಗಿಯಿತು.

ಹಲ್ಲಿನ ಆಸ್ಪತ್ರೆ ಬಸ್ ಸ್ಟ್ಯಾಂಡಿನ ಹತ್ತಿರ, ಮೆಡಿಕಲ್ ಶಾಪಿನ ಮಹಡಿಯಲ್ಲಿ. ಮೆಟ್ಟಿಲು ಹತ್ತುವಾಗಲೇ ಯಾರೂ ಪರಿಚಯದವರು ಇರದಿರಲಿ ಎಂದು ಹರಕೆ ಹೊತ್ತೆ. ಬೆಂಚಿನ ತುದಿಯಲ್ಲೇ ಒಂದು ಎಸ್ಟೇಟಿನ ಲೆಕ್ಕ ಬರೆಯುವ ರೈಟರು ಕೂತಿದ್ದರು, ಒಂದು ಕೆನ್ನೆ ಹಲಸಿನ ಹಣ್ಣಿನ ಹಾಗೆ ಊದಿತ್ತು. ಸ್ಯಾಂಪಲ್ ತರುವ ಮನುಷ್ಯ, ನನ್ನನ್ನು ಚೆನ್ನಾಗಿ ಬಲ್ಲವರು. ಊದಿದ ಬಾಯಲ್ಲೇ, "ಅಯ್ಯೋ, ಟೇಸ್ಟರಮ್ಮ, ನೀವೂನಾ?" ಎಂದರು. ‘ನೀವೂನಾ’ ಎನ್ನುವಾಗ ಅವರ ಮುಖದಲ್ಲಿ ಇದ್ದ ಸಮಾಧಾನ ನೋಡಬೇಕಿತ್ತು. ನನಗೂ ಸಮಾಧಾನವೇ ಆಯಿತು ಅನ್ನಿ. ಒಳಗಿನಿಂದ ಡ್ರಿಲ್ಲಿನ ಕುಯ್ ಸದ್ದು ಬಂದಾಗಲೆಲ್ಲ ಇಬ್ಬರೂ ಒಟ್ಟಿಗೆ ಕಾಲ ಬೆರಳು ಮುದುಡಿಕೊಳ್ಳುತ್ತಿದ್ದೆವು. "ದಿನಾ ಉಜ್ತೀನಿ ಸುಮಿತ್ರಮ್ಮ, ದೇವರಾಣೆಗೂ" ಎಂದರು. "ನಾನೂ" ಎಂದೆ. ಆ ಬೆಂಚಿನ ಮೇಲೆ ನಾವಿಬ್ಬರೂ ಒಬ್ಬರನ್ನೊಬ್ಬರು ನಂಬಿದೆವು.

ಡಾಕ್ಟರ್ ಅಶ್ವಿನಿ ಚಿಕ್ಕ ವಯಸ್ಸಿನ ಹುಡುಗಿ. ಬಾಯಿ ತೆರೆಸಿದವಳೇ, "ಆಂಟಿ, ಎಷ್ಟು ದಿನದಿಂದ ಆಹಾರ ಸಿಕ್ಕಿಹಾಕ್ಕೊಳ್ತಾ ಇದೆ?" ಎಂದಳು. ಆಂಟಿ ಎಂದದ್ದಕ್ಕೆ ಸಿಟ್ಟಾಗಬೇಕೋ ಪ್ರಶ್ನೆಗೆ ಉತ್ತರ ಹೇಳಬೇಕೋ ತಿಳಿಯಲಿಲ್ಲ. ಎರಡಕ್ಕೂ ಬಾಯಿ ಖಾಲಿ ಇರಲಿಲ್ಲ. ಎಕ್ಸ್‌ರೇ ತೆಗೆದು ತೋರಿಸಿದಳು. ಕೆಳಗಿನ ಬಲ ದವಡೆಯಲ್ಲಿ, ಎರಡು ಹಲ್ಲಿನ ಸಂದಿಯಿಂದ ಶುರುವಾದ ಕಪ್ಪು ಬೇರಿನವರೆಗೆ ಇಳಿದಿತ್ತು. ಅಲ್ಲಿ ಕೀವು ತುಂಬಿ ಸ್ವಲ್ಪ ಸ್ವಲ್ಪವೇ ಜಿನುಗುತ್ತಿತ್ತು. ನನ್ನ ಮುಗ್ಗಿನ ಕಾರ್ಖಾನೆ ಅದೇ. ಅದಲ್ಲದೆ ಬೇರೆ ಹಲ್ಲುಗಳ ಸಂದಿಯಲ್ಲೂ ಸಣ್ಣ ಸಣ್ಣ ತೂತುಗಳು, ಹೊರಗಿಂದ ಒಂದೂ ಕಾಣುವುದಿಲ್ಲ.

ನಾಚಿಕೆ ಎಲ್ಲಿ ಹೋಯಿತೋ, ಸಿಟ್ಟೇ ಬಂತು. "ನೋಡಿ, ನಾನು ಎರಡು ಹೊತ್ತೂ ಉಜ್ಜೋಳು. ನಿಮ್ಮ ಮಿಷನ್ನೇ ಸರಿ ಇಲ್ಲ" ಎಂದೆ.

ಅವಳು ನಕ್ಕಳು, ಆದರೆ ನನ್ನ ಮಾತನ್ನು ತಳ್ಳಿಹಾಕಲಿಲ್ಲ. "ಉಜ್ತೀರಿ ಅಂತ ಹಲ್ಲು ನೋಡಿದ್ರೇ ಗೊತ್ತಾಗ್ತದೆ ಆಂಟಿ. ಎದುರು ಭಾಗ ಪಳಪಳ ಅಂತದೆ. ಎಂತದ್ರಿಂದ ಉಜ್ತೀರಿ, ದಿನಾ ಬೆಳಿಗ್ಗೆಯಿಂದ ಬಾಯಿಗೆ ಎಂತೆಂತ ಹೋಗ್ತದೆ, ಒಂದೂ ಬಿಡದೆ ಹೇಳಿ." ಆ ಒಂದು ಮಾತಿಗೆ ನನ್ನ ಸಿಟ್ಟು ಇಳಿಯಿತು. ಯಾರಾದರೂ ನಂಬಿದ ಮೇಲೆ ಜಗಳ ಆಡುವುದು ಕಷ್ಟ.

ಎಲ್ಲ ಹೇಳಿದೆ. ಬರೀ ಬ್ರಷ್ಷು, ಉಮಿಕರಿ, ಕಾಫಿ. ಕಾಫಿ ಎಂದಾಗ ನನ್ನ ಜೀವ ಬಾಯಿಗೆ ಬಂದಿತ್ತು. ಅವಳು ಕಾಫಿ ಬಿಡಿ ಎಂದರೆ ನಾನು ಎಲ್ಲಿಗೆ ಹೋಗಲಿ? ಅವಳು ಕಾಫಿಯನ್ನು ದಾಟಿ ಮುಂದೆ ಹೋದಳು. "ಸಕ್ರೆ ಇಲ್ದಿರೋ ಕಾಫಿ, ಅದನ್ನೂ ಉಗೀತೀರಿ. ಪಾಪ, ಅದೆಂತ ಮಾಡ್ತದೆ. ಮತ್ತೆ?" ಮತ್ತೆ ಏನೂ ಇಲ್ಲ, ನಡುವೆ ಒಂದು ಚಿಟಿಕೆ ಮಂಡಕ್ಕಿ, ಅಷ್ಟೇ ಎಂದೆ. ಸಪ್ಪೆ ಮಂಡಕ್ಕಿ. ಅದೂ ಒಂದು ತಿನ್ನುವ ವಸ್ತುವೇ?

"ಎಷ್ಟೊತ್ತಿಗೊಂದ್ಸಲ?"

"ಪ್ರತಿ ಕಪ್ಪಿಗೂ."

"ಬೆಳಿಗ್ಗೆಯಿಂದ ಸಂಜೆವರೆಗೆ?"

ಹೂಂ ಎಂದೆ. ಅವಳು ಕೈಯಲ್ಲಿದ್ದ ಕನ್ನಡಿ ಕೆಳಗಿಟ್ಟು ಕೂತಳು. ಅವಳು ಹೇಳಿದ್ದನ್ನು ನನ್ನ ಮಾತಿನಲ್ಲಿ ಹೇಳುವುದಾದರೆ ಇಷ್ಟೇ: ಮಂಡಕ್ಕಿ ಸಂದಿಯಲ್ಲಿ ಅಂಟಿ ಅಲ್ಲೇ ಹುಳಿಯಾಗುತ್ತದೆ. ಆ ಹುಳಿಯನ್ನು ಎಂಜಲು ತೊಳೆದು ಹಾಕಬೇಕು, ಅದಕ್ಕೆ ಹೊತ್ತು ಬೇಕು. ಅದು ತೊಳೆಯುವ ಮೊದಲೇ ನಾನು ಮುಂದಿನ ಚಿಟಿಕೆ ಹಾಕುತ್ತಿದ್ದೆ. ಬ್ರಷ್ಷಿನ ಕಡ್ಡಿ ಆ ಸಂದಿಗೆ ಹೋಗುವುದೇ ಇಲ್ಲ. ಕಾಪಾಡಬೇಕಾದ ಫ್ಲೋರೈಡ್ ಪೇಸ್ಟಿನಲ್ಲಿತ್ತು, ಪೇಸ್ಟನ್ನು ನಾನು ಮನೆಯಿಂದ ಓಡಿಸಿದ್ದೆ. ಉಮಿಕರಿ ಮೇಲಿನ ಹೊಳಪನ್ನೂ ಸವೆಸಿತ್ತು. ನಾಲಿಗೆಯನ್ನು ಕಾಯಲು ಮಾಡಿದ ಮಡಿಯೆಲ್ಲ ಹಲ್ಲಿನ ತಲೆಯ ಮೇಲೆ ಬಿದ್ದಿತ್ತು. ಲೋಕೇಶರು ಆಮೇಲೆ, "ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ, ನೀನು ಇಷ್ಟು ದಿನ ಬೈದಿದ್ದು ಕಾಫೀಗೆ" ಎಂದರು. ಆಗ ನನಗೂ ನಗು ಬಂತು.

"ನಮ್ಮ ಅತ್ತೆ?" ಎಂದೆ. ಅದೊಂದು ತಿಳಿಯದೆ ಏಳುವ ಹಾಗಿರಲಿಲ್ಲ. ಅವರು ಎಷ್ಟು ಸಲ ತಿನ್ನುತ್ತಾರೆ ಎಂದು ಕೇಳಿದಳು. ಮೂರು ಹೊತ್ತು ಊಟ, ನಡುವೆ ಎಂತದೂ ಮುಟ್ಟುವುದಿಲ್ಲ ಎಂದೆ. "ಅಜ್ಜಿ ಹಲ್ಲಿಗೆ ರಜೆ ಸಿಕ್ಕಿದೆ, ನಿಮ್ಮ ಹಲ್ಲಿಗೆ ಸಿಕ್ಕಿಲ್ಲ. ಸ್ವಲ್ಪ ಅದೃಷ್ಟನೂ ಇರ್ತದೆ" ಎಂದಳು.

ಬೇರಿನ ಚಿಕಿತ್ಸೆ ಮಾಡಿ ಹಲ್ಲು ಉಳಿಸಬಹುದು, ಆದರೆ ಅದಕ್ಕೆ ಸೂಜಿ ಹಾಕಬೇಕು, ಆ ಕಡೆಯ ತುಟಿ ಮತ್ತು ಅರ್ಧ ನಾಲಿಗೆ ಜೋಮು ಹಿಡಿಯುತ್ತದೆ ಎಂದಳು. ನಾನು ಕುರ್ಚಿಯಿಂದ ಎದ್ದೇಬಿಟ್ಟೆ. ನಾಲಿಗೆಗೆ ಸೂಜಿಯೇ? ಸುಗ್ಗಿ ಮುಗಿದ ಮೇಲೆ ಬರುತ್ತೇನೆ ಎಂದೆ. "ಸುಗ್ಗಿಗೆ ಹಲ್ಲು ಕಾಯಲ್ಲ ಆಂಟಿ. ಮುಖ ಊದ್ಕೊಂಡ್ರೆ ಆಗ ನಾಲಿಗೆ, ಹಲ್ಲು ಎರಡೂ ಕಷ್ಟ" ಎಂದಳು. ಜೋಮು ಹೋಗದಿದ್ದರೆ ಎಂದು ಕೇಳಿದೆ. "ಸಾಮಾನ್ಯ ಸಂಜೆಗೆ ಹೋಗ್ತದೆ. ಹೋಗದೇ ಇರೋದು ತೀರಾ ಅಪರೂಪ." ಖಂಡಿತ ಹೋಗ್ತದೆ ಎಂದು ಸುಳ್ಳು ಹೇಳಲಿಲ್ಲ. ಅದಕ್ಕೇ ಅವಳ ಮೇಲೆ ನಂಬಿಕೆ ಬಂತು, ಅದಕ್ಕೇ ಹೆದರಿಕೆಯೂ ಬಂತು.

ಹೊರಗೆ ಬಂದು ಮಂಜೇಗೌಡರಿಗೆ ಫೋನು ಮಾಡಿ ಎಲ್ಲ ಹೇಳಿದೆ. ಅವರು ಕೊನೆಯವರೆಗೂ ಕೇಳಿಸಿಕೊಂಡರು. ಆಮೇಲೆ, "ಸುಮಿತ್ರಮ್ಮ, ಹಲ್ಲು ಬಾಯಲ್ಲಿರ್ತದೆ ಅಂತ ನಮ್ಗೆ ಇಬ್ಬರಿಗೂ ಹೊಳೀಲಿಲ್ವಲ್ರೀ" ಎಂದರು. "ಮೊದಲು ಅದನ್ನ ಮಾಡಿಸ್ಕೊಳ್ಳಿ. ಕಪ್ಪು ಎಲ್ಲೂ ಓಡಿಹೋಗಲ್ಲ."

ಸೂಜಿ ಚುಚ್ಚುವ ದಿನ ಡಾಕ್ಟರ್ ಅಶ್ವಿನಿ ಏನು ಮಾಡುವ ಮೊದಲೂ ಹೇಳಿಯೇ ಮಾಡಿದಳು. "ಈಗ ಸ್ವಲ್ಪ ಚುರುಕ್ ಅಂತದೆ. ಈಗ ಬರೀ ಸದ್ದು, ನೋವಿಲ್ಲ." ಅವಳ ಜೊತೆಯ ನರ್ಸು ನನ್ನ ಕೈಯನ್ನು ಸುಮ್ಮನೆ ಹಿಡಿದುಕೊಂಡಿದ್ದಳು. ನಾನು ಅದನ್ನು ಎಷ್ಟು ಹಿಂಡಿದೆನೋ, ಅವಳು ಒಂದು ಸಲವೂ ಎಳೆದುಕೊಳ್ಳಲಿಲ್ಲ. ಆ ಹುಡುಗಿಯ ಹೆಸರು ಕೇಳುವುದನ್ನು ಮರೆತೆ, ಕೈ ಮಾತ್ರ ಮರೆತಿಲ್ಲ.

ಮನೆಗೆ ಬಂದಾಗ ಅರ್ಧ ನಾಲಿಗೆ ಯಾರದೋ ನಾಲಿಗೆಯಾಗಿತ್ತು. ಕಚ್ಚಿಕೊಂಡೀಯ ಎಂದು ಹೆದರಿ ಲೋಕೇಶರು ಮಾತಾಡಲೂ ಬಿಡಲಿಲ್ಲ. "ಮದ್ವೆಯಾದ ಮೇಲೆ ಇವತ್ತೇ ಮನೆ ಇಷ್ಟು ತಣ್ಣಗಿರೋದು" ಎಂದು ಅತ್ತೆಗೆ ಹೇಳಿದರು. ನೀರು ಕುಡಿದರೆ ಒಂದು ಕಡೆಯಿಂದ ಸೋರಿ ಸೀರೆಯ ಮೇಲೆ ಬಿತ್ತು. ನಕ್ಕರೆ ಬಾಯಿ ಒಂದೇ ಕಡೆ ನಗುತ್ತಿತ್ತು, ಅದನ್ನು ಕನ್ನಡಿಯಲ್ಲಿ ನೋಡಿ ಮತ್ತೆ ನಗು ಬಂತು. ಆದರೆ ಹೊತ್ತು ಇಳಿಯುತ್ತಿದ್ದ ಹಾಗೆ ನಗು ನಿಂತಿತು. ಜೋಮು ಇನ್ನೂ ಇತ್ತು. ತೀರಾ ಅಪರೂಪ ಎಂದಿದ್ದಳು. ಆ ಅಪರೂಪದವಳು ನಾನೇ ಆಗಿದ್ದರೆ? ನಾಲಿಗೆಯ ತುದಿಯನ್ನು ಹಲ್ಲಿಗೆ ತಾಗಿಸಿ ತಾಗಿಸಿ ನೋಡಿದೆ, ಬಾಗಿಲು ಬಡಿದರೂ ತೆಗೆಯದ ಮನೆಯ ಹಾಗಿತ್ತು.

ದೀಪ ಹಚ್ಚುವ ಹೊತ್ತಿಗೆ ಅತ್ತೆ ಉಗುರುಬೆಚ್ಚಗಿನ ಗಂಜಿ ತಂದರು, ಅದಕ್ಕೆ ಅಪ್ಪೆಮಿಡಿಯ ಉಪ್ಪಿನಕಾಯಿ ರಸ ಎರಡು ತೊಟ್ಟು ಬಿಟ್ಟಿದ್ದರು. ಎಡಗಡೆಯಿಂದ ನುಂಗಿದೆ. ಎರಡನೆಯ ತುತ್ತಿಗೆ ಬಲಗಡೆಯ ಅಂಚಿನಲ್ಲಿ ಸಣ್ಣಗೆ ಏನೋ ಕಚ್ಚಿದ ಹಾಗಾಯಿತು. ಉಪ್ಪು. ಅದರ ಹಿಂದೆ ಮಿಡಿಯ ಸೊನೆಯ ಪರಿಮಳ. ಬಟ್ಟಲು ಹಿಡಿದುಕೊಂಡು ಜೋರಾಗಿ ಅತ್ತುಬಿಟ್ಟೆ. ನಮ್ಮ ಅತ್ತೆ ಗಾಬರಿಯಾಗಿ, "ಈ ಸಲನೂ ಉಪ್ಪು ಜಾಸ್ತಿ ಆತನಾ?" ಎಂದರು.

ಇನ್ನೂ ಕೆಲವು ಸಲ ಹೋಗಿ ಬಂದೆ. ಬೇರು ಸ್ವಚ್ಛವಾಯಿತು, ಮೇಲೆ ಕ್ಯಾಪು ಬಂತು, ಸಣ್ಣ ತೂತುಗಳಿಗೆ ಸಿಮೆಂಟು ಬಿತ್ತು. ಈಗ ನಡುವೆ ಬರೀ ನೀರಿನಲ್ಲೇ ನಾಲಿಗೆ ತೊಳೆಯುತ್ತೇನೆ, ಮಂಡಕ್ಕಿ ಸಂಜೆ ಚುರುಮುರಿಗೆ ಮಾತ್ರ. ರಾತ್ರಿ ನೂಲು ಎಳೆದು ಹಲ್ಲಿನ ಸಂದಿ ಶುಚಿ ಮಾಡಿ, ಪೇಸ್ಟಿನಲ್ಲಿ ಉಜ್ಜಿ, ನೊರೆ ಉಗಿದು, ನೀರು ಮುಕ್ಕಳಿಸದೆ ಮಲಗಬೇಕು. ಇದನ್ನು ಕೇಳಿ ಅತ್ತೆ, "ಎಂಜಲು ಬಾಯಲ್ಲಿ ಮಲಗೋದಾ? ಓದಿದೋರು ಹೇಳೋದೇ ಹೀಗೆ" ಎಂದು ಎರಡು ದಿನ ನನ್ನ ಹತ್ತಿರ ಕೂರಲಿಲ್ಲ. ಬೆಳಿಗ್ಗೆಗೆ ಪುದೀನ ಇಲ್ಲದ, ಆದರೆ ಫ್ಲೋರೈಡ್ ಇರುವ ಪೇಸ್ಟು ಹುಡುಕಿದರೆ ಸಿಕ್ಕಿದ್ದು ಗೊಂಬೆಯ ಚಿತ್ರ ಇರುವ ಮಕ್ಕಳ ಪೇಸ್ಟು. ಕೋಳಿ ಕೂಗುವ ಮೊದಲೇ ಎದ್ದು ಅದರಲ್ಲಿ ಉಜ್ಜಿಬಿಡುತ್ತೇನೆ, ಕೆಲಸದ ಹೊತ್ತಿಗೆ ಅದರ ಪರಿಮಳ ಹಾರಿಹೋಗಿರುತ್ತದೆ. ಅಂಗಡಿಯವನು ನನಗೆ ಮೊಮ್ಮಗು ಹುಟ್ಟಿದೆ ಎಂದುಕೊಂಡಿದ್ದಾನೆ.

ಕೆಲಸಕ್ಕೆ ಮರಳಿದ ದಿನ ಕೋಣೆಗೆ ಕಾಲಿಡಲು ಹೆದರಿಕೆಯಾಯಿತು. ಮಂಜೇಗೌಡರು ಕಪ್ಪುಗಳನ್ನು ಸಾಲಾಗಿ ಇಡಿಸಿದ್ದರು, ಯಾವುದು ಯಾರದ್ದೆಂದು ಹೇಳಲಿಲ್ಲ. ಚಿಕ್ಕಮಗಳೂರಿನ ಟೇಸ್ಟರೂ ಕಿಟಕಿಯ ಪಕ್ಕ ನಿಂತಿದ್ದರು. ಮೊದಲ ಕಪ್ಪು ಎಳೆದೆ. ಚೊಕ್ಕಟ, ಕಿತ್ತಳೆ ಸಿಪ್ಪೆಯ ಹಾಗೆ ಒಂದು ಸಣ್ಣ ಹುಳಿ. ಎರಡನೆಯದು ಚೊಕ್ಕಟ. ಮೂರನೆಯದು ಸಪ್ಪೆ, ಆದರೆ ಚೊಕ್ಕಟ. ಎದೆ ಹಗುರವಾಗತೊಡಗಿತು. ನಾಲ್ಕನೆಯದು ಎಳೆದೆ.

ಮುಗ್ಗು.

ಚಮಚ ಕೈಯಲ್ಲೇ ನಿಂತಿತು. ನೀರಿನಲ್ಲಿ ಬಾಯಿ ತೊಳೆದೆ, ನೀರು ನೀರಾಗಿಯೇ ಇತ್ತು. ಮತ್ತೊಮ್ಮೆ ಎಳೆದೆ. ಮುಗ್ಗೇ. ಇಬ್ಬರೂ ನನ್ನ ಮುಖವನ್ನೇ ನೋಡುತ್ತಿದ್ದರು. ಚೊಕ್ಕಟ ಎಂದುಬಿಟ್ಟರೆ ಎಲ್ಲರೂ ನಕ್ಕು ಹಗುರಾಗುತ್ತಿದ್ದರು, ನನ್ನ ಕೆಲಸವೂ ಉಳಿಯುತ್ತಿತ್ತು. ಆ ಮಾತು ನಾಲಿಗೆಯ ತುದಿಯವರೆಗೆ ಬಂದದ್ದು ನಿಜ.

"ಗೌಡ್ರೇ, ಇದು ಮುಗ್ಗು" ಎಂದೆ.

ಗೌಡರ ಮುಖ ಸಣ್ಣದಾಯಿತು. "ಸುಮಿತ್ರಮ್ಮ, ಅದು ನಮ್ಮ ತೋಟದ್ದೇ ಕಾಫಿ. ನಾನೇ ನಿಂತು ಕೊಯ್ಸಿದ್ದು. ಹಲ್ಲು ಇನ್ನೂ..." ಎಂದು ಅರ್ಧಕ್ಕೆ ನಿಲ್ಲಿಸಿದರು.

"ಹಲ್ಲು ಸರಿಯಾಗದೆ. ಕಾಫಿ ಸರಿಯಿಲ್ಲ" ಎಂದೆ. ನನ್ನ ದನಿ ನನಗೇ ಗಟ್ಟಿಯಾಗಿ ಕೇಳಿತು.

ಚಿಕ್ಕಮಗಳೂರಿನವರು ಮುಂದೆ ಬಂದು ಒಂದು ಚಮಚ ಎಳೆದರು. ಕಣ್ಣು ಮುಚ್ಚಿದರು. ಇನ್ನೊಂದು ಎಳೆದರು. ಆಮೇಲೆ ಕಪ್ಪನ್ನು ಗೌಡರ ಕಡೆಗೆ ಸರಿಸಿದರು. ಗೌಡರು ಕುಡಿದು ನೋಡಿ, ಬಾಗಿಲಾಚೆ ಹೋಗಿ ತೋಟದ ಮೇಸ್ತ್ರಿಗೆ ಫೋನು ಮಾಡಿದರು. ನಮಗೆ ಕೇಳಿದ್ದು ಒಂದು ಕಡೆಯ ಮಾತು ಮಾತ್ರ. "ಹೌದನಾ? ಒದ್ದೆ ಪಾರ್ಚ್‌ಮೆಂಟ್ ಬೀಜದ ಮೇಲೇ ಟಾರ್ಪಾಲು ಮುಚ್ಚಿದ್ರಾ? ಎರಡು ದಿನ ತೆಗೀಲೇ ಇಲ್ವಾ?"

ಒಳಗೆ ಬಂದವರು ನನ್ನನ್ನು ನೋಡಿದರು. ಸಿಟ್ಟು, ನಗು ಎರಡೂ ಒಟ್ಟಿಗೆ ಬಂದಿತ್ತು. "ನಾಳೆಯಿಂದ ಎಂದಿನ ಹೊತ್ತಿಗೆ ಬನ್ನಿ" ಎಂದರು.

ಅವರು ಹೋದ ಮೇಲೆ ನಾನು ಆ ನಾಲ್ಕನೆಯ ಕಪ್ಪಿನಿಂದ ಇನ್ನೊಂದು ಚಮಚ ಎಳೆದೆ. ಅಷ್ಟು ಕೆಟ್ಟ ಕಾಫಿಯನ್ನು ಯಾರೂ ಎರಡನೇ ಸಲ ಬಾಯಿಗಿಡುವುದಿಲ್ಲ. ನಾನು ಉಗಿಯಲಿಲ್ಲ, ನುಂಗಿದೆ.